ಹಳೆಯ ಕಾರಿನ ಮುಂಭಾಗದ ಕಿರುಗುಟ್ಟುವಿಕೆ: ಕಾರಣ, ಪರೀಕ್ಷೆ, ಪರಿಹಾರ

ನಮ್ಮ ಸಮಾಜದ ಅನೇಕ ಕುಟುಂಬಗಳಲ್ಲಿ ಹಳೆಯ ಕಾರೊಂದು ಇಂದಿಗೂ ಮನೆಯ ಸದಸ್ಯನಂತೆಯೇ ಉಳಿದುಕೊಂಡಿದೆ. ಹಿರಿಯರು ನಿವೃತ್ತಿಯ ಹಣದಲ್ಲಿ ಕೊಂಡದ್ದೋ, ಮಗಳ ಮದುವೆಯ ವರ್ಷ ಮನೆಗೆ ಬಂದದ್ದೋ, ಹೊಲದ ಬೆಳೆ ಕೈಹಿಡಿದ ವರ್ಷ ಸಾಲವಿಲ್ಲದೆ ತಂದದ್ದೋ ಆಗಿರುವ ಆ ವಾಹನವನ್ನು ಮಾರಲು ಮನಸ್ಸು ಬಾರದು. ಕೂಡಲಸಂಗಮಕ್ಕೆ, ಬಸವಕಲ್ಯಾಣಕ್ಕೆ, ಉಳವಿಯ ಜಾತ್ರೆಗೆ, ಸಿದ್ಧಗಂಗೆಗೆ ಮನೆಮಂದಿಯನ್ನೆಲ್ಲ ಹೊತ್ತು ತಿರುಗಿದ ವಾಹನವದು. ಅದರ ಎಂಜಿನ್ನು ಇನ್ನೂ ಗಟ್ಟಿಯಾಗಿರುತ್ತದೆ, ಹೊದಿಕೆಯ ತಗಡು ಇನ್ನೂ ಸುಸ್ಥಿತಿಯಲ್ಲಿರುತ್ತದೆ. ಆದರೆ ರಸ್ತೆಯ ಉಬ್ಬನ್ನು ಏರಿ ಇಳಿಯುವಾಗಲೆಲ್ಲ ಮುಂಭಾಗದಿಂದ ಹಳೆಯ ಮಂಚ ನರಳಿದಂತೆ ಒಂದು ಸದ್ದು ಕೇಳಿಬರತೊಡಗುತ್ತದೆ. ಮೊದಮೊದಲು ಅದನ್ನು ಯಾರೂ ಗಮನಿಸುವುದಿಲ್ಲ. ಕ್ರಮೇಣ ಅದು ಅಭ್ಯಾಸವಾಗಿಬಿಡುತ್ತದೆ. 'ಹಳೇ ಗಾಡಿ, ಸದ್ದು ಮಾಡದೇ ಇದ್ದೀತೇ' ಎಂದು ಮನೆಯವರು ಸಮಾಧಾನ ತಂದುಕೊಳ್ಳುತ್ತಾರೆ.

ಈ ಸಮಾಧಾನವು ಕೆಲವೊಮ್ಮೆ ನಿರುಪದ್ರವಿ, ಕೆಲವೊಮ್ಮೆ ಅಪಾಯಕಾರಿ. ಒಣಗಿದ ರಬ್ಬರಿನ ಸದ್ದು ಕಿವಿಗೆ ಕಿರಿಕಿರಿಯಷ್ಟೇ. ಅದರಿಂದ ಒಡನೆಯೇ ಪ್ರಾಣಕ್ಕೆ ಕುತ್ತಿಲ್ಲ. ಸವೆದ ಕೀಲಿನ ಸದ್ದಾದರೋ ಮುನ್ನೆಚ್ಚರಿಕೆಯೇ ಸರಿ. ಹೊರಗಿನಿಂದ ಕೇಳುವವರಿಗೆ ಇವೆರಡೂ ಒಂದೇ ತೆರನಾಗಿ ತೋರುವುದೇ ತೊಡಕು. ಆದ್ದರಿಂದ ಈ ಸದ್ದು ಎಲ್ಲಿಂದ ಹುಟ್ಟುತ್ತದೆ, ಅದನ್ನು ಮನೆಯವರೇ ಹೇಗೆ ಗುರುತಿಸಬಹುದು, ಗ್ಯಾರೇಜಿನಲ್ಲಿ ಏನನ್ನು ಕೇಳಬೇಕು, ಯಾವ ಕೆಲಸಕ್ಕೆ ನಾವು ಕೈ ಹಾಕಲೇಬಾರದು ಎಂಬುದನ್ನು ಕುಟುಂಬದ ಎಲ್ಲರಿಗೂ ತಿಳಿಯುವಂತೆ ಇಲ್ಲಿ ವಿವರಿಸಲು ಬಯಸುತ್ತೇವೆ.

ಚಕ್ಕಡಿಯಿಂದ ಕಾರಿನವರೆಗೆ

ಉಳವಿ ಚನ್ನಬಸವಣ್ಣನವರ ಜಾತ್ರೆಗೆ ಉತ್ತರ ಕರ್ನಾಟಕದ ಭಕ್ತರು ಚಕ್ಕಡಿ ಕಟ್ಟಿಕೊಂಡು ಹೋಗುವ ಪರಿಪಾಠ ಇಂದಿಗೂ ಇದೆ. ಹೊರಡುವ ಮುನ್ನ ಹಿರಿಯರು ಮಾಡುತ್ತಿದ್ದ ಮೊದಲ ಕೆಲಸವೆಂದರೆ ಅಚ್ಚಿಗೆ ಕೀಲೆಣ್ಣೆ ಹಾಕುವುದು. ಆ ಎಣ್ಣೆಯ ಕೊಳವೆ ಗಾಡಿಗೇ ತೂಗುಬಿದ್ದಿರುತ್ತಿತ್ತು. ದಾರಿಯಲ್ಲಿ ಗಾಲಿ ಕಿರುಗುಟ್ಟಿತೆಂದರೆ ಎತ್ತುಗಳಿಗೆ ಭಾರ ಹೆಚ್ಚಾಯಿತೆಂದು ತಿಳಿದು, ಗಾಡಿ ನಿಲ್ಲಿಸಿ ಎಣ್ಣೆ ಬಿಡುತ್ತಿದ್ದರು. ಸದ್ದನ್ನು ಗಮನಿಸುವ, ಅದಕ್ಕೆ ಒಡನೆಯೇ ಓಗೊಡುವ ಆ ಬುದ್ಧಿ ನಮ್ಮ ಹಿರಿಯರಿಂದ ಬಂದ ಆಸ್ತಿಯೇ ಹೌದು.

ಆದರೆ ಅದೇ ಬುದ್ಧಿಯನ್ನು ಇಂದಿನ ಕಾರಿಗೆ ಹಾಗೆಯೇ ಅನ್ವಯಿಸಿದಾಗ ಒಂದು ಅನರ್ಥ ಸಂಭವಿಸುತ್ತದೆ. ಚಕ್ಕಡಿಯಲ್ಲಿ ಉಜ್ಜುವುದು ಕಬ್ಬಿಣಕ್ಕೆ ಕಬ್ಬಿಣ; ಅಲ್ಲಿ ಎಣ್ಣೆಯೇ ಮದ್ದು. ಕಾರಿನ ಮುಂಭಾಗದಲ್ಲಿ ಬಹುಪಾಲು ಉಜ್ಜುವುದು ಕಬ್ಬಿಣಕ್ಕೆ ರಬ್ಬರು. ಡೀಸೆಲ್, ಸೀಮೆಎಣ್ಣೆ, ಹಳೆಯ ಎಂಜಿನ್ ಆಯಿಲ್ ಇವೆಲ್ಲ ಸ್ವಾಭಾವಿಕ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತವೆ. ಕಾರನ್ನು ನೀರಿನಲ್ಲಿ ತೊಳೆಸಿದ ಬಳಿಕ ತಳಕ್ಕೆಲ್ಲ ಡೀಸೆಲ್ಲನ್ನೋ ಹಳೆಯ ಆಯಿಲನ್ನೋ ಸಿಂಪಡಿಸುವ ಪದ್ಧತಿ ನಮ್ಮ ಊರುಗಳಲ್ಲಿ ಇದೆ. ನಾಲ್ಕು ದಿನ ಸದ್ದು ಅಡಗುತ್ತದೆ, ಮನೆಯವರು ಸಂತೋಷಪಡುತ್ತಾರೆ. ಅಷ್ಟರಲ್ಲಿ ಎಣ್ಣೆಗೆ ಧೂಳು ಅಂಟಿ ಅದು ಅರದಂತೆ ಉಜ್ಜತೊಡಗುತ್ತದೆ, ರಬ್ಬರು ಮತ್ತಷ್ಟು ಹಾಳಾಗುತ್ತದೆ, ಸದ್ದು ಮೊದಲಿಗಿಂತ ಜೋರಾಗಿ ಮರಳುತ್ತದೆ. ಆದಕಾರಣ ನಮ್ಮ ಮೊದಲ ಬಿನ್ನಹವಿಷ್ಟೇ: ತಳಕ್ಕೆ ಎಣ್ಣೆ ಸಿಂಪಡಿಸುವುದನ್ನು ಬೇಡವೆನ್ನಿರಿ. ರಬ್ಬರಿಗೆ ಲೇಪ ಬೇಕೇ ಬೇಕೆನಿಸಿದರೆ ಸಿಲಿಕೋನ್ ಗ್ರೀಸನ್ನು ಮಾತ್ರ ಬಳಸತಕ್ಕದ್ದು.

ಮುಂಭಾಗದಲ್ಲಿ ಇರುವುದೇನು?

ಕಾರಿನ ಮೈಭಾರವೆಲ್ಲ ಸ್ಪ್ರಿಂಗುಗಳ ಮೇಲೆ ಕುಳಿತಿರುತ್ತದೆ. ರಸ್ತೆಯ ಏರಿಳಿತವನ್ನು ಸ್ಪ್ರಿಂಗು ನುಂಗುತ್ತದೆ. ಆ ಸ್ಪ್ರಿಂಗು ಪುಟಿಯುತ್ತಲೇ ಇರದಂತೆ ಶಾಕ್ ಅಬ್ಸಾರ್ಬರ್ ತಡೆಯುತ್ತದೆ. ಗಾಲಿಯನ್ನು ಮೈಗೆ ಜೋಡಿಸಿ ಹಿಡಿಯುವ ಕಬ್ಬಿಣದ ತೋಳಿಗೆ ಗ್ಯಾರೇಜಿನ ಭಾಷೆಯಲ್ಲಿ ಆರ್ಮ್ ಎನ್ನುತ್ತಾರೆ. ಆ ತೋಳು ಮೈಗೆ ಸೇರುವಲ್ಲಿ ರಬ್ಬರಿನ ಬುಷ್ ಇರುತ್ತದೆ. ತೋಳಿನ ಇನ್ನೊಂದು ತುದಿಯಲ್ಲಿ, ಗಾಲಿಯ ಕಡೆಗೆ, ಬಾಲ್ ಜಾಯಿಂಟ್ ಇರುತ್ತದೆ. ನಮ್ಮ ಭುಜದ ಕೀಲಿನಲ್ಲಿ ಗುಂಡನೆಯ ಮೂಳೆ ಬಟ್ಟಲಿನಲ್ಲಿ ಹೊರಳುವಂತೆ ಇಲ್ಲಿಯೂ ಉಕ್ಕಿನ ಗುಂಡು ಒಂದು ಬಟ್ಟಲಿನಲ್ಲಿ ಹೊರಳುತ್ತದೆ. ಅದರೊಳಗೆ ಗ್ರೀಸು, ಹೊರಗೆ ಧೂಳು ತಡೆಯುವ ರಬ್ಬರಿನ ಟೊಪ್ಪಿಗೆ. ಎಡಬಲದ ಗಾಲಿಗಳನ್ನು ಬೆಸೆಯುವ ಬಾಗಿದ ಸಲಾಕೆಗೆ ಸ್ಟೆಬಿಲೈಸರ್ ಬಾರ್ ಎಂದು ಹೆಸರು. ತಿರುವಿನಲ್ಲಿ ಕಾರು ಅತಿಯಾಗಿ ವಾಲದಂತೆ ಅದು ತಡೆಯುತ್ತದೆ.

ಎಲ್ಲ ಕಾರುಗಳಲ್ಲಿಯೂ ಇವು ಒಂದೇ ಬಗೆಯಾಗಿ ಇರುವುದಿಲ್ಲ. ಉತ್ತರಪಾರಾದಲ್ಲಿ ಹಿಂದೂಸ್ತಾನ್ ಮೋಟಾರ್ಸ್‌ನವರು 2014ರವರೆಗೆ ತಯಾರಿಸಿದ ಅಂಬಾಸಿಡರ್ ಕಾರಿನ ಮುಂಭಾಗದಲ್ಲಿ ಸುರುಳಿ ಸ್ಪ್ರಿಂಗು ಇಲ್ಲ. ಕಾರಿನ ಉದ್ದಕ್ಕೂ ಮಲಗಿಸಿದ ಉಕ್ಕಿನ ಸಲಾಕೆಯೇ ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುತ್ತದೆ. ಅದಕ್ಕೆ ಟಾರ್ಷನ್ ಬಾರ್ ಎನ್ನುತ್ತಾರೆ. ಮುಂಬಯಿಯ ಕುರ್ಲಾದಲ್ಲಿ ತಯಾರಾದ ಪ್ರೀಮಿಯರ್ ಪದ್ಮಿನಿಯಲ್ಲಿ ಒಂದರ ಮೇಲೊಂದು ಇರುವ ಎರಡು ತೋಳುಗಳೂ ಸುರುಳಿ ಸ್ಪ್ರಿಂಗೂ ಇವೆ. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದು 2014ರ ಜನವರಿಯಲ್ಲಿ ತಯಾರಿಕೆ ನಿಂತ ಮಾರುತಿ 800 ಇನ್ನೊಂದು ಬಗೆಯದು. ಅಲ್ಲಿ ಸ್ಪ್ರಿಂಗು ಮತ್ತು ಶಾಕ್ ಅಬ್ಸಾರ್ಬರ್ ಒಂದೇ ಕಂಬವಾಗಿ ಸೇರಿಕೊಂಡಿವೆ. ಆ ಕಂಬಕ್ಕೆ ಸ್ಟ್ರಟ್ ಎಂದು ಹೆಸರು. ಕೆಳಗೆ ಒಂದೇ ತೋಳು. ಸ್ಟೆಬಿಲೈಸರ್ ಬಾರ್ ಇಲ್ಲಿ ವಾಲುವಿಕೆಯನ್ನು ತಡೆಯುವುದಲ್ಲದೆ, ಆ ತೋಳು ಹಿಂದೆ ಮುಂದೆ ಸರಿಯದಂತೆ ಹಿಡಿಯುವ ಹೊಣೆಯನ್ನೂ ಹೊತ್ತಿದೆ. ನಮ್ಮ ಓದುಗರ ಮನೆಗಳಲ್ಲಿ ಇಂದು ಉಳಿದಿರುವ ಹಳೆಯ ಕಾರುಗಳಲ್ಲಿ ಮಾರುತಿ 800 ಹೆಚ್ಚಿರುವ ಕಾರಣ ಅದನ್ನೇ ಮುಖ್ಯವಾಗಿ ಇಟ್ಟುಕೊಂಡು ಮುಂದಿನ ಮಾತುಗಳನ್ನು ಹೇಳುತ್ತೇವೆ.

ಸದ್ದಿನ ಭಾಷೆ

ವೈದ್ಯರು ನಾಡಿ ಹಿಡಿಯುವಂತೆ ವಾಹನದ ಸದ್ದನ್ನು ಆಲಿಸಿದರೆ ಅರ್ಧ ರೋಗ ತಿಳಿದಂತೆಯೇ. 'ಸದ್ದು ಬರುತ್ತಿದೆ' ಎಂದಷ್ಟೇ ಗ್ಯಾರೇಜಿನಲ್ಲಿ ಹೇಳಿದರೆ ಸಾಲದು. ಯಾವಾಗ ಬರುತ್ತದೆ, ಹೇಗೆ ಬರುತ್ತದೆ, ಯಾವ ಮಗ್ಗುಲಿನಿಂದ ಬರುತ್ತದೆ ಎಂಬ ಮೂರು ಸಂಗತಿಗಳನ್ನು ಗುರುತಿಸಿಕೊಂಡು ಹೋಗಬೇಕು.

'ಕಿರ್‌ರ್' ಎಂದು ಎಳೆದಂತೆ ಬರುವ ಸದ್ದು, ಅದೂ ನಿಧಾನವಾಗಿ ಉಬ್ಬು ದಾಟುವಾಗ ಅಥವಾ ಜನರು ಹತ್ತಿ ಇಳಿಯುವಾಗ ಬಂದರೆ, ಬಹುಮಟ್ಟಿಗೆ ಒಣಗಿದ ರಬ್ಬರು ಬುಷ್‌ನದು. ಬೇಸಗೆಯಲ್ಲಿ ಹೆಚ್ಚಾಗಿ, ಮಳೆ ಬಿದ್ದ ದಿನ ಕಡಿಮೆಯಾದರೆ ಈ ಅನುಮಾನ ಇನ್ನೂ ಗಟ್ಟಿಯಾಗುತ್ತದೆ. ವಿಜಯಪುರ, ಕಲಬುರ್ಗಿ, ರಾಯಚೂರು ಕಡೆಯ ಬಿಸಿಲಿನಲ್ಲಿ ನೆರಳಿಲ್ಲದೆ ನಿಲ್ಲುವ ಕಾರುಗಳಲ್ಲಿ ರಬ್ಬರು ಬೇಗನೆ ಬಿರಿಯುತ್ತದೆ. ಮಲೆನಾಡಿನ ಕಡೆ ರಬ್ಬರಿಗಿಂತ ಮೊದಲು ತುಕ್ಕು ಕಾಡುತ್ತದೆ.

'ಟಕ್, ಟಕ್' ಎಂದು ಕಡಿದಂತೆ ಬರುವ ಸದ್ದು ಸಡಿಲವಾದ ಅಥವಾ ಸವೆದ ಜೋಡಣೆಯನ್ನು ಸೂಚಿಸುತ್ತದೆ. ಬ್ರೇಕ್ ಒತ್ತಿದ ಕ್ಷಣದಲ್ಲಿ ಒಂದೇ ಒಂದು ಬಡಿತ ಕೇಳಿಸಿದರೆ ಮಾರುತಿ 800ರಲ್ಲಿ ಸ್ಟೆಬಿಲೈಸರ್ ಬಾರಿನ ತುದಿಯ ಬುಷ್‌ಗಳನ್ನು ಮೊದಲು ನೋಡಬೇಕು. ಒರಟು ರಸ್ತೆಯಲ್ಲಿ ಎಡೆಬಿಡದೆ ಬಡಿಯುತ್ತಿದ್ದರೆ ಬಾಲ್ ಜಾಯಿಂಟಿನ ಮೇಲೆ ಸಂಶಯ ಪಡಬೇಕು.

ನಿಂತಲ್ಲಿಯೇ ಸ್ಟೇರಿಂಗ್ ತಿರುಗಿಸಿದಾಗ ತಂತಿ ಮೀಟಿದಂತೆ 'ಟಣ್' ಎಂದು ಸ್ಪ್ರಿಂಗು ಎಗರಿದರೆ ಸ್ಟ್ರಟ್ಟಿನ ನೆತ್ತಿಯಲ್ಲಿರುವ ಬೇರಿಂಗು ಬಿಗಿದುಕೊಂಡಿದೆ ಎಂದರ್ಥ. ಉಬ್ಬು ದಾಟಿದ ಮೇಲೂ ಕಾರಿನ ಮೂಗು ಎರಡು ಮೂರು ಬಾರಿ ತೂಗಾಡಿದರೆ, ಶಾಕ್ ಅಬ್ಸಾರ್ಬರಿನ ಮೈಮೇಲೆ ಎಣ್ಣೆ ಒಸರಿ ಧೂಳು ಅಂಟಿದ್ದರೆ ಅದರ ಆಯುಸ್ಸು ಮುಗಿದಿದೆ. ಸ್ಟೇರಿಂಗ್ ಪೂರ್ತಿ ತಿರುಗಿಸಿ ಮುಂದೆ ಸಾಗುವಾಗ ಮಾತ್ರ 'ಕಟ ಕಟ ಕಟ' ಎಂದು ಗಾಲಿಯ ವೇಗಕ್ಕೆ ಸರಿಯಾಗಿ ಸದ್ದು ಬಂದರೆ ಅದು ಸಸ್ಪೆನ್ಷನ್ನಿನ ದೋಷವೇ ಅಲ್ಲ. ಮುಂದಿನ ಗಾಲಿಗಳಿಗೆ ಶಕ್ತಿ ಒಯ್ಯುವ ಡ್ರೈವ್ ಶಾಫ್ಟಿನ ಹೊರಗಿನ ಕೀಲು ಸವೆದಿದೆ. ಈ ಭೇದ ತಿಳಿಯದೆ ಬುಷ್ ಬದಲಿಸಿದರೆ ಹಣವೂ ಹೋಯಿತು, ಸದ್ದೂ ಉಳಿಯಿತು.

ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆ

ಇದಕ್ಕೆ ಇಬ್ಬರು ಬೇಕು. ಒಬ್ಬರು ಅಲುಗಿಸುವವರು, ಇನ್ನೊಬ್ಬರು ಆಲಿಸುವವರು. ಬೆಳಗಿನ ಹೊತ್ತು, ರಸ್ತೆಯ ಗದ್ದಲ ಇಲ್ಲದಾಗ ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಎಂಜಿನ್ ಆರಿಸಬೇಕು.

ಮೊದಲನೆಯದು ಒತ್ತಿ ನೋಡುವ ಪರೀಕ್ಷೆ. ಮುಂದಿನ ಒಂದು ಮಗ್ಗುಲಿನ ಮೇಲೆ ಎರಡೂ ಅಂಗೈ ಊರಿ, ತಗಡು ನೆಗ್ಗದಂತೆ ಗಟ್ಟಿ ಅಂಚಿನ ಮೇಲೆ ಭಾರ ಹಾಕಿ ಮೂರು ನಾಲ್ಕು ಬಾರಿ ಒತ್ತಿ ಬಿಡಬೇಕು. ಇನ್ನೊಬ್ಬರು ಗಾಲಿಯ ಬಳಿ ಕುಳಿತು ಆಲಿಸಬೇಕು. ಒಂದು ಮೊಳ ಉದ್ದದ ರಬ್ಬರು ಕೊಳವೆಯ ಒಂದು ತುದಿಯನ್ನು ಕಿವಿಗೆ ಹಿಡಿದು ಇನ್ನೊಂದನ್ನು ಒಂದೊಂದೇ ಬುಷ್‌ನ ಬಳಿ ಒಯ್ದರೆ ಸದ್ದಿನ ತಾಣ ಸ್ಪಷ್ಟವಾಗುತ್ತದೆ. ವೈದ್ಯರ ಸ್ಟೆಥಾಸ್ಕೋಪಿನ ಕೆಲಸವನ್ನೇ ಈ ಕೊಳವೆ ಮಾಡುತ್ತದೆ.

ಎರಡನೆಯದು ನೀರಿನ ಪರೀಕ್ಷೆ. ಸಂಶಯ ಬಂದ ಒಂದು ಬುಷ್‌ಗೆ ಮಾತ್ರ ಚೊಂಬಿನಿಂದಲೋ ಪಿಚಕಾರಿಯಿಂದಲೋ ನೀರು ಬಿಟ್ಟು ಮತ್ತೆ ಒತ್ತಿ ನೋಡಬೇಕು. ಸದ್ದು ತಟ್ಟನೆ ನಿಂತರೆ ಅಪರಾಧಿ ಅದೇ. ನಿಲ್ಲದಿದ್ದರೆ ಮುಂದಿನದಕ್ಕೆ ನೀರು ಬಿಡಬೇಕು. ಎಲ್ಲಕ್ಕೂ ಒಟ್ಟಿಗೇ ನೀರು ಹೊಡೆದರೆ ಯಾವುದರಿಂದ ಸದ್ದು ನಿಂತಿತೆಂದು ತಿಳಿಯದೆ ಹೋಗುತ್ತದೆ. ನೀರು ಒಣಗಿದೊಡನೆ ಸದ್ದು ಮರಳುತ್ತದೆ. ಇದು ಪರೀಕ್ಷೆಯೇ ಹೊರತು ಚಿಕಿತ್ಸೆಯಲ್ಲ. ಎಣ್ಣೆಯಂತೆ ನೀರಿನಿಂದ ರಬ್ಬರಿಗೆ ಹಾನಿಯಿಲ್ಲವಾದ್ದರಿಂದ ಈ ಪರೀಕ್ಷೆಯನ್ನು ನಿರ್ಭಯವಾಗಿ ಮಾಡಬಹುದು.

ಮೂರನೆಯದು ಸ್ಟ್ರಟ್ಟಿನ ಪರೀಕ್ಷೆ. ಬಾನೆಟ್ ತೆರೆದು, ಒಬ್ಬರು ಸ್ಟೇರಿಂಗನ್ನು ಎಡಬಲಕ್ಕೆ ನಿಧಾನವಾಗಿ ತಿರುಗಿಸುತ್ತಿರುವಾಗ ಇನ್ನೊಬ್ಬರು ಸ್ಟ್ರಟ್ಟಿನ ನೆತ್ತಿಯ ಮೇಲೆ ಅಂಗೈ ಇಡಬೇಕು. ತಿರುವು ನುಣುಪಾಗಿ ಸಾಗದೆ ಕೈಗೆ ತಡೆತಡೆದು ಎಗರಿದಂತೆ ಅನುಭವವಾದರೆ ಮೇಲಿನ ಬೇರಿಂಗು ಕೆಟ್ಟಿದೆ.

ನಾಲ್ಕನೆಯದಕ್ಕೆ ಕಾರನ್ನು ಜ್ಯಾಕಿನಿಂದ ಎತ್ತಬೇಕಾಗುತ್ತದೆ. ಹ್ಯಾಂಡ್ ಬ್ರೇಕ್ ಎಳೆದು, ಗೇರಿನಲ್ಲಿಟ್ಟು, ಹಿಂದಿನ ಗಾಲಿಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟ ಬಳಿಕವೇ ಎತ್ತತಕ್ಕದ್ದು. ಎತ್ತಿದ ಮೇಲೆ ಗಟ್ಟಿಯಾದ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಭಾರ ಇಳಿಸಬೇಕು. ಗಾಲಿಯನ್ನು ಗಡಿಯಾರದ ಮುಖವೆಂದು ಭಾವಿಸಿ, 12 ಮತ್ತು 6 ಇರುವ ಕಡೆ ಹಿಡಿದು ಒಳಗೂ ಹೊರಗೂ ಅಲುಗಿಸಿದಾಗ ಲೊಟಲೊಟ ಎಂದರೆ ಬಾಲ್ ಜಾಯಿಂಟ್ ಅಥವಾ ಗಾಲಿಯ ಬೇರಿಂಗು ಸವೆದಿದೆ. ಯಾರಾದರೂ ಬ್ರೇಕ್ ಒತ್ತಿ ಹಿಡಿದಾಗ ಆ ಸಡಿಲ ಮಾಯವಾದರೆ ಅದು ಬೇರಿಂಗಿನದು. ಹಾಗೆಯೇ ಉಳಿದರೆ ಬಾಲ್ ಜಾಯಿಂಟಿನದು. 3 ಮತ್ತು 9 ಇರುವ ಕಡೆ ಹಿಡಿದು ಅಲುಗಿಸಿದಾಗ ಮಾತ್ರ ಸಡಿಲ ತೋರಿದರೆ ಸ್ಟೇರಿಂಗಿನ ಟೈ ರಾಡ್ ತುದಿಗಳನ್ನು ಪರಿಶೀಲಿಸಬೇಕು.

ಈ ಮಾತನ್ನು ಒತ್ತಿ ಹೇಳಲೇಬೇಕಾಗಿದೆ. ಕೇವಲ ಜ್ಯಾಕಿನ ಮೇಲೆ ನಿಂತ ಕಾರಿನ ಕೆಳಗೆ ಯಾರೂ ತಲೆಯನ್ನಾಗಲಿ ಕೈಯನ್ನಾಗಲಿ ತೂರಿಸಬಾರದು. ಇಟ್ಟಿಗೆ, ಸಿಮೆಂಟಿನ ಟೊಳ್ಳು ಗಟ್ಟಿಗಳನ್ನು ಆಧಾರ ಕೊಡಬಾರದು. ಅವು ಸೂಚನೆಯನ್ನೇ ಕೊಡದೆ ಸೀಳಿ ಕುಸಿಯುತ್ತವೆ. ಬಿಚ್ಚಿದ ಗಾಲಿಯನ್ನೋ ಸ್ಟೆಪ್ನಿಯನ್ನೋ ಕಾರಿನ ಅಂಚಿನಡಿ ಮಲಗಿಸಿಟ್ಟರೆ ಇನ್ನೊಂದು ರಕ್ಷಣೆ ದೊರೆಯುತ್ತದೆ. ಮಕ್ಕಳನ್ನು ಆ ಅಂಗಳದಿಂದಲೇ ದೂರವಿಡಬೇಕು.

ಯಾವುದು ಕಾಯಬಹುದು, ಯಾವುದು ಕಾಯಲಾರದು

ಸ್ಟೆಬಿಲೈಸರ್ ಬಾರನ್ನು ಮೈಗೆ ಬಿಗಿಯುವ ಬುಷ್ ಒಣಗಿ ಕಿರುಗುಟ್ಟುತ್ತಿದ್ದರೆ ತಿಂಗಳ ಸಂಬಳ ಬರುವವರೆಗೆ ಕಾಯಬಹುದು. ಕೆಳತೋಳಿನ ಬುಷ್ ಬಿರುಕು ಬಿಟ್ಟಿದ್ದರೆ ದೂರದ ಪ್ರಯಾಣಕ್ಕೆ ಮೊದಲು ಬದಲಿಸಬೇಕು. ಇಲ್ಲವಾದರೆ ಗಾಲಿಯ ನೇರ ತಪ್ಪಿ ಟೈರು ಒಂದೇ ಅಂಚಿನಲ್ಲಿ ಸವೆಯುತ್ತದೆ, ಬ್ರೇಕ್ ಒತ್ತಿದಾಗ ಕಾರು ಒಂದು ಪಕ್ಕಕ್ಕೆ ಎಳೆಯುತ್ತದೆ. ಬಾಲ್ ಜಾಯಿಂಟ್ ಸಡಿಲವಾಗಿದ್ದರೆ ಒಂದು ದಿನವೂ ಕಾಯಲಾಗದು. ಅದರ ರಬ್ಬರು ಟೊಪ್ಪಿಗೆ ಹರಿದರೆ ನೀರೂ ಧೂಳೂ ಒಳನುಗ್ಗಿ ಗ್ರೀಸನ್ನು ತೊಳೆದುಬಿಡುತ್ತವೆ. ಗುಂಡು ಸವೆಯುತ್ತ ಸವೆಯುತ್ತ ಒಂದು ದಿನ ಬಟ್ಟಲಿನಿಂದ ಕಳಚಿಕೊಳ್ಳುತ್ತದೆ. ಆಗ ಗಾಲಿ ಹೊರಕ್ಕೆ ಮಡಚಿಕೊಂಡು ಕಾರಿನ ಮೂಗು ನೆಲಕ್ಕೆ ಬೀಳುತ್ತದೆ. ಸ್ಟೇರಿಂಗ್ ಹಿಡಿದವರ ಕೈಯಲ್ಲಿ ಏನೂ ಉಳಿಯುವುದಿಲ್ಲ. ಮನೆಯ ಅಂಗಳದಲ್ಲಿ ಹೀಗಾದರೆ ಪುಣ್ಯ. ಹೆದ್ದಾರಿಯಲ್ಲಿ ಆದರೆ ಕಾರಿನಲ್ಲಿ ಕುಳಿತ ಅಜ್ಜ ಅಜ್ಜಿ ಮೊಮ್ಮಕ್ಕಳೆಲ್ಲರ ಪ್ರಾಣದ ಪ್ರಶ್ನೆ. ಸವೆದ ಬಾಲ್ ಜಾಯಿಂಟಿಗೆ ಹೊರಗಿನಿಂದ ಗ್ರೀಸು ತುರುಕಿಸಿ ಸದ್ದಡಗಿಸುವುದು ರೋಗಿಯ ಬಾಯಿಗೆ ಬಟ್ಟೆ ಕಟ್ಟಿದಂತೆ. ಅದನ್ನು ಬದಲಿಸುವುದೊಂದೇ ದಾರಿ.

ದುರಸ್ತಿಯ ಕ್ರಮ

ಬುಷ್ ಬದಲಿಸುವ ಕೆಲಸ ಕಷ್ಟದ್ದಲ್ಲ, ಆದರೆ ಕ್ರಮ ತಪ್ಪಬಾರದು. ಸ್ಟೆಬಿಲೈಸರ್ ಬಾರಿನ ಬುಷ್‌ಗಳನ್ನು ಅನುಭವವುಳ್ಳವರು ಮನೆಯಲ್ಲಿಯೂ ಬದಲಿಸಬಹುದು. ತುಕ್ಕು ಹಿಡಿದ ಬೋಲ್ಟುಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ದ್ರವವನ್ನು ಹಾಕಿಟ್ಟರೆ ಬೆಳಗ್ಗೆ ಪಾನಾಕ್ಕೆ ಸುಲಭವಾಗಿ ಮಣಿಯುತ್ತವೆ. ಆ ದ್ರವ ಉಳಿಯಲಿರುವ ರಬ್ಬರಿಗೆ ತಾಗದಂತೆ ನೋಡಿಕೊಳ್ಳಬೇಕು. ಹಳೆಯ ಬುಷ್ ತೆಗೆದ ಬಳಿಕ ಸಲಾಕೆಯ ಮೇಲಿನ ತುಕ್ಕನ್ನು ಉಜ್ಜುಕಾಗದದಿಂದ ತಿಕ್ಕಿ ನುಣುಪು ಮಾಡಬೇಕು. ಒರಟು ಕಬ್ಬಿಣದ ಮೇಲೆ ಹೊಸ ರಬ್ಬರು ಕೂರಿಸಿದರೆ ಆರು ತಿಂಗಳಲ್ಲಿ ಅದೇ ರಾಗ ಮತ್ತೆ ಕೇಳಿಬರುತ್ತದೆ.

ಕೆಳತೋಳಿನ ಬುಷ್‌ನ್ನು ಒತ್ತಿ ಹೊರತೆಗೆದು ಹೊಸದನ್ನು ಒತ್ತಿ ಕೂರಿಸಲು ಪ್ರೆಸ್ ಯಂತ್ರ ಬೇಕು. ಸುತ್ತಿಗೆಯಿಂದ ಬಡಿದು ಕೂರಿಸಿದರೆ ಬುಷ್‌ನ ಹೊರ ಕವಚ ಸೊಟ್ಟಗಾಗುತ್ತದೆ, ತೋಳೂ ಬಾಗಬಹುದು. ಇಲ್ಲಿ ಬಹುಜನರು ಗಮನಿಸದ ಒಂದು ಸೂಕ್ಷ್ಮವಿದೆ. ಕಾರು ಎತ್ತರದಲ್ಲಿದ್ದು ಗಾಲಿ ಜೋತುಬಿದ್ದಾಗ ತೋಳಿನ ಬೋಲ್ಟನ್ನು ಪೂರ್ಣ ಬಿಗಿ ಮಾಡಬಾರದು. ಹಾಗೆ ಮಾಡಿದರೆ ಕಾರು ಕೆಳಗಿಳಿದೊಡನೆ ರಬ್ಬರು ತಿರುಚಿಕೊಂಡು ಸದಾ ಸೆಳೆತದಲ್ಲಿಯೇ ಇರುತ್ತದೆ, ಬೇಗನೆ ಹರಿದುಹೋಗುತ್ತದೆ. ಬೋಲ್ಟನ್ನು ಕೈಬಿಗಿಯಾಗಿ ಹಾಕಿ, ಗಾಲಿ ನೆಲಕ್ಕೂರಿ ಕಾರು ತನ್ನ ಸಹಜ ಎತ್ತರದಲ್ಲಿ ನಿಂತ ಮೇಲೆಯೇ ಕೊನೆಯ ಬಿಗಿ ಕೊಡತಕ್ಕದ್ದು. ಹೊಸ ಬುಷ್ ಹಾಕಿಸಿಯೂ ವರ್ಷ ತುಂಬುವುದರೊಳಗೆ ಸದ್ದು ಮರಳಿತೆಂದು ದೂರುವವರಲ್ಲಿ ಹಲವರ ಕಷ್ಟಕ್ಕೆ ಇದೇ ಕಾರಣ.

ಸ್ಪ್ಲಿಟ್ ಪಿನ್ ಇರುವ ಕಡೆ ಹಳೆಯದನ್ನೇ ನೇರ ಮಾಡಿ ಹಾಕುವುದು, ಅದರ ಬದಲು ಮೊಳೆಯನ್ನೋ ತಂತಿಯನ್ನೋ ತೂರಿಸುವುದು ಸಲ್ಲದು. ಅಲ್ಪ ಬೆಲೆಯ ಆ ಪಿನ್ನು ಕಳಚಿದರೆ ನಟ್ಟು ಕಳಚುತ್ತದೆ. ಬುಷ್, ಶಾಕ್ ಅಬ್ಸಾರ್ಬರ್ ಇವುಗಳನ್ನು ಎಡಬಲ ಎರಡೂ ಕಡೆ ಒಟ್ಟಿಗೇ ಬದಲಿಸುವುದು ಲೇಸು. ಒಂದೇ ಎತ್ತು ಎಳೆದರೆ ಗಾಡಿ ನೇರ ಸಾಗದಲ್ಲವೇ?

ಸ್ಟ್ರಟ್ಟಿನ ಕೆಲಸಕ್ಕೆ ಮಾತ್ರ ಮನೆಯವರು ಕೈ ಹಾಕಬಾರದು. ಅದರ ನೆತ್ತಿಯ ನಡುವೆ ಇರುವ ನಟ್ಟು ಅದುಮಿಟ್ಟ ಸ್ಪ್ರಿಂಗನ್ನು ಹಿಡಿದಿರುತ್ತದೆ. ಸ್ಪ್ರಿಂಗನ್ನು ಕಂಪ್ರೆಸರ್ ಎಂಬ ಸಾಧನದಿಂದ ಮೊದಲು ಬಿಗಿಹಿಡಿಯದೆ ಆ ನಟ್ಟನ್ನು ಬಿಚ್ಚಿದರೆ ಸ್ಪ್ರಿಂಗು ಗುಂಡಿನಂತೆ ಸಿಡಿಯುತ್ತದೆ. ಪದ್ಮಿನಿಯ ಸುರುಳಿ ಸ್ಪ್ರಿಂಗಿಗೂ, ಅಂಬಾಸಿಡರಿನ ತಿರುಚಿದ ಸಲಾಕೆಗೂ ಇದೇ ಎಚ್ಚರ ಸಲ್ಲುತ್ತದೆ. ಆ ಉಕ್ಕಿನಲ್ಲಿ ಕಾರಿನ ಭಾರವನ್ನೇ ಎತ್ತಿ ಹಿಡಿಯುವ ಶಕ್ತಿ ಅಡಗಿ ಕುಳಿತಿದೆ ಎಂಬುದನ್ನು ಮರೆಯಲಾಗದು.

ಅಂಬಾಸಿಡರ್ ಇರುವ ಮನೆಯವರಿಗೆ ಒಂದು ಸಮಾಧಾನದ ಮಾತು. ಅದರ ಮುಂಗಾಲಿಯ ಕೀಲುಗಳಲ್ಲಿ ಗ್ರೀಸು ತುಂಬುವ ನಿಪ್ಪಲುಗಳಿವೆ. ಅಲ್ಲಿ ಕಬ್ಬಿಣಕ್ಕೆ ಕಬ್ಬಿಣವೇ ಉಜ್ಜುವುದರಿಂದ ಹಿರಿಯರ ಕೀಲೆಣ್ಣೆಯ ನೀತಿ ಪೂರ್ತಿಯಾಗಿ ಸಲ್ಲುತ್ತದೆ. ಗಾಲಿಯನ್ನು ನೆಲದಿಂದ ಎತ್ತಿ, ಕೀಲಿನ ಮೇಲಿನ ಭಾರ ಇಳಿಸಿ, ಗ್ರೀಸ್ ಗನ್ನಿನಿಂದ ಹೊಸ ಗ್ರೀಸು ಅಂಚಿನಿಂದ ಹೊರಬರುವವರೆಗೆ ತುಂಬಬೇಕು. ಭಾರವಿರುವಾಗಲೇ ತುಂಬಿದರೆ ಉಜ್ಜುವ ಮಗ್ಗುಲಿಗೆ ಗ್ರೀಸು ತಲುಪುವುದೇ ಇಲ್ಲ. ನಿಪ್ಪಲಿನ ಮೇಲಿನ ಕೆಸರನ್ನು ಮೊದಲು ಒರೆಸದಿದ್ದರೆ ಕೀಲಿನೊಳಗೆ ಗ್ರೀಸಿನೊಡನೆ ಮರಳನ್ನೂ ತುಂಬಿದಂತಾಗುತ್ತದೆ.

ಕೆಲಸ ಮುಗಿದ ಬಳಿಕ ವೀಲ್ ಅಲೈನ್‌ಮೆಂಟ್ ಮಾಡಿಸಲೇಬೇಕು. ತೋಳು, ಬುಷ್, ಬಾಲ್ ಜಾಯಿಂಟ್ ಬದಲಾದಾಗ ಗಾಲಿಯ ಕೋನ ಕೂದಲೆಳೆಯಷ್ಟು ಸರಿದಿರುತ್ತದೆ. ಸುಮಾರು 500 ಕಿಲೋಮೀಟರ್ ಓಡಿದ ಮೇಲೆ ಎಲ್ಲ ಬೋಲ್ಟುಗಳ ಬಿಗಿಯನ್ನು ಮತ್ತೊಮ್ಮೆ ಪರೀಕ್ಷಿಸುವುದು ಒಳ್ಳೆಯದು.

ಗ್ಯಾರೇಜಿನವರೊಡನೆ ವ್ಯವಹಾರ

ನಮ್ಮ ಪರಿಚಯದ ನಿವೃತ್ತ ಶಿಕ್ಷಕರೊಬ್ಬರ ಮನೆಯಲ್ಲಿ ಹಳೆಯ ಮಾರುತಿ 800 ಇದೆ. ಅದರ ಮುಂಭಾಗದ ಸದ್ದಿಗೆ ಒಂದು ದೊಡ್ಡ ಗ್ಯಾರೇಜಿನವರು ಎರಡೂ ಸ್ಟ್ರಟ್, ಎರಡೂ ತೋಳು, ಸ್ಟೇರಿಂಗಿನ ಭಾಗಗಳು ಎಲ್ಲವನ್ನೂ ಬದಲಿಸಬೇಕೆಂದು ಉದ್ದನೆಯ ಪಟ್ಟಿ ಬರೆದುಕೊಟ್ಟರು. ಕಾರಿನ ಮಾರಾಟದ ಬೆಲೆಗೇ ಸಮೀಪವಾಗುವ ಮೊತ್ತ ಅದು. ಶಿಕ್ಷಕರು ಕಾರನ್ನು ಗುಜರಿಗೆ ಕೊಡುವ ನಿರ್ಧಾರಕ್ಕೂ ಬಂದಿದ್ದರು. ಅವರ ಸೊಸೆ ಮಾತ್ರ ಒಪ್ಪದೆ, ಊರಿನ ಹಳೆಯ ಮೇಸ್ತ್ರಿಯೊಬ್ಬರ ಬಳಿಗೆ ಕಾರನ್ನು ತಾವೇ ಓಡಿಸಿಕೊಂಡು ಹೋದರು. ಆ ಮೇಸ್ತ್ರಿ ಒಂದು ಚೊಂಬು ನೀರು ತರಿಸಿ, ಒಂದೊಂದೇ ಬುಷ್‌ಗೆ ಬಿಟ್ಟು, ಮೂರನೆಯದರಲ್ಲಿ ಸದ್ದು ನಿಲ್ಲಿಸಿ ತೋರಿಸಿದರು. ಕೆಲವು ನೂರು ರೂಪಾಯಿಗಳ ರಬ್ಬರು ಭಾಗಗಳಲ್ಲಿ ಆ ಸದ್ದು ಮುಗಿಯಿತು. ಆದರೆ ಮೇಸ್ತ್ರಿ ಅಷ್ಟಕ್ಕೆ ಬಿಡಲಿಲ್ಲ. ಎಡಗಾಲಿಯನ್ನು ಎತ್ತಿ ಅಲುಗಿಸಿ, 'ಅವ್ವಾರ, ಈ ಬಾಲ್ ಜಾಯಿಂಟ್ ಮಾತ್ರ ಇವತ್ತೇ ಹಾಕಸ್ರಿ. ಇದು ಸದ್ದು ಮಾಡಂಗಿಲ್ಲ, ಆದ್ರ ಮೋಸ ಮಾಡತೈತಿ' ಎಂದರಂತೆ. ಸದ್ದು ಮಾಡುತ್ತಿದ್ದ ಭಾಗದಿಂದ ಅಪಾಯವಿರಲಿಲ್ಲ. ಅಪಾಯವಿದ್ದ ಭಾಗ ಮೌನವಾಗಿತ್ತು. ಉದ್ದನೆಯ ಪಟ್ಟಿ ಬರೆದವರು ಗಾಲಿಯನ್ನು ಎತ್ತಿ ನೋಡಿಯೇ ಇರಲಿಲ್ಲವೆಂದು ಆ ಸೊಸೆ ನಮಗೆ ಹೇಳಿದರು.

ಇದರಿಂದ ಎಲ್ಲ ದೊಡ್ಡ ಗ್ಯಾರೇಜುಗಳೂ ಕೆಟ್ಟವು, ಎಲ್ಲ ಹಳೆಯ ಮೇಸ್ತ್ರಿಗಳೂ ಪ್ರಾಮಾಣಿಕರು ಎಂದು ತೀರ್ಮಾನಿಸಬೇಕಿಲ್ಲ. ಯಾರೇ ಆಗಲಿ, ಬದಲಿಸಬೇಕೆಂದ ಭಾಗದ ದೋಷವನ್ನು ಕಣ್ಣಿಗೆ ತೋರಿಸುವಂತೆ ವಿನಯದಿಂದ ಕೇಳಬೇಕು. ಬದಲಿಸಿದ ಹಳೆಯ ಭಾಗಗಳನ್ನು ಮರಳಿ ಪಡೆಯಬೇಕು. ಹೊಸ ಭಾಗದ ಪೊಟ್ಟಣವನ್ನು ಎದುರಿಗೇ ಒಡೆಸಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಮಾರುಕಟ್ಟೆಗಳಲ್ಲಿ ಹಳೆಯ ಕಾರುಗಳ ಭಾಗಗಳಿಗಾಗಿ ವಿಚಾರಿಸಬಹುದು. ಅಗ್ಗದ ನಕಲಿ ರಬ್ಬರು ನೋಡಲು ಅಸಲಿಯಂತೆಯೇ ಇದ್ದು ಬೇಗನೆ ಬಿರಿಯುತ್ತದೆ. ಹಳೆಯ ಭಾಗವನ್ನೂ ಕಾರಿನ ತಯಾರಿಕಾ ವರ್ಷವನ್ನೂ ತೋರಿಸಿ ಕೊಳ್ಳುವುದು ಕ್ಷೇಮ.

ಇಲ್ಲಿ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಪ್ರಸಂಗ ನೆನಪಿಗೆ ಬರುತ್ತದೆ. ಮಾರಯ್ಯನವರು ಎಂದಿನದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಬೇಕಾದಷ್ಟನ್ನೇ ಉಳಿಸಿ ಮಿಕ್ಕದ್ದನ್ನು ಮರಳಿ ಸುರಿದು ಬರುವಂತೆ ಲಕ್ಕಮ್ಮನವರು ತಿಳಿಹೇಳಿದ ಕಥೆ ನಮ್ಮ ಮನೆಗಳ ಮಕ್ಕಳಿಗೂ ಗೊತ್ತು. ಬೇಕಾದಷ್ಟೇ ಎಂಬ ಆ ಅಳತೆ ದುರಸ್ತಿಗೂ ಸಲ್ಲುವ ಅಳತೆ. ಕೆಟ್ಟದ್ದನ್ನು ಬದಲಿಸುವುದು, ಕೆಡದ್ದನ್ನು ಮುಟ್ಟದಿರುವುದು, ಕೆಲಸಕ್ಕೆ ತಕ್ಕಷ್ಟೇ ಕೂಲಿ ಪಡೆಯುವುದು ಮೇಸ್ತ್ರಿಯ ಕಾಯಕಧರ್ಮ. ಆ ಕೂಲಿಯನ್ನು ಚೌಕಾಶಿ ಮಾಡದೆ ಸಲ್ಲಿಸುವುದು ನಮ್ಮ ಧರ್ಮ. ಅಂಗಡಿಯಲ್ಲಿ ಹೇಳಿದ ಬೆಲೆ ಕೊಟ್ಟು ಬರುವ ನಾವು, ಕಾರಿನಡಿ ಅಂಗಾತ ಮಲಗಿ ಕಣ್ಣಿಗೆ ಮಣ್ಣು ಬೀಳಿಸಿಕೊಂಡು ದುಡಿದವನ ಹತ್ತಿರ ಐವತ್ತು ರೂಪಾಯಿಗೆ ಜಗ್ಗಾಡುತ್ತೇವೆ. ಹಗ್ಗ ಹೊಸೆದ ನುಲಿಯ ಚಂದಯ್ಯನವರಿಗೂ, ಬಿದಿರಿನ ಕಾಯಕದ ಮೇದಾರ ಕೇತಯ್ಯನವರಿಗೂ, ದೋಣಿ ನಡೆಸಿದ ಅಂಬಿಗರ ಚೌಡಯ್ಯನವರಿಗೂ ಅನುಭವ ಮಂಟಪದಲ್ಲಿ ಸಮಾನ ಆಸನವಿತ್ತೆಂದು ಸಭೆಗಳಲ್ಲಿ ಹೇಳಿಕೊಳ್ಳುವ ನಾವು, ಗ್ರೀಸು ಮೆತ್ತಿದ ಕೈಗಳವರನ್ನು ಮನೆಯ ಹೊಸ್ತಿಲಲ್ಲಿ ಹೇಗೆ ನಡೆಸಿಕೊಳ್ಳುತ್ತೇವೆ ಎಂಬುದನ್ನೂ ಯೋಚಿಸಬೇಕು. ಬಿಸಿಲಿನಲ್ಲಿ ದುಡಿದವರಿಗೆ ಒಂದು ತಂಬಿಗೆ ಮಜ್ಜಿಗೆ ಕೊಡುವುದು ದೊಡ್ಡ ದಾಸೋಹವೇನಲ್ಲ. ಆದರೆ ಅದೂ ದಾಸೋಹವೇ.

ಹದಿನೈದು ವರ್ಷ ದಾಟಿದ ವಾಹನ

ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಮುಂದೆ ಓಡಿಸಬೇಕಾದರೆ ವಾಹನವನ್ನು ತಪಾಸಣೆಗೆ ಒಳಪಡಿಸಿ ನೋಂದಣಿಯನ್ನು ನವೀಕರಿಸಬೇಕು. ಆ ನವೀಕರಣ 5 ವರ್ಷಗಳಿಗೆ ಸಲ್ಲುತ್ತದೆ. ತಪಾಸಣೆಯ ಮುನ್ನಾದಿನ ಬಣ್ಣ ಬಳಿಸಿ ಹೊಳಪು ಮಾಡುವುದಕ್ಕಿಂತ ಮುಂಗಾಲಿಯ ಕೀಲುಗಳನ್ನು ನೋಡಿಸುವುದು ಮೇಲು. ಸ್ಟೇರಿಂಗ್, ಬ್ರೇಕ್, ಸಸ್ಪೆನ್ಷನ್ ಈ ಮೂರೂ ಸರಿಯಿಲ್ಲದ ಕಾರನ್ನು ಪ್ರೀತಿಯ ಹೆಸರಿನಲ್ಲಿ ರಸ್ತೆಗಿಳಿಸುವುದು ತಮಗೂ ಇತರರಿಗೂ ಮಾಡುವ ಅಪಚಾರ. ಮೈಯ ತಗಡಿನಲ್ಲಿ, ಅದರಲ್ಲೂ ಸ್ಟ್ರಟ್ಟಿನ ನೆತ್ತಿ ಮತ್ತು ತೋಳು ಜೋಡಿಸುವ ತಾಣಗಳಲ್ಲಿ, ತುಕ್ಕು ತೂತು ಕೊರೆದಿದ್ದರೆ ಹೊಸ ಬುಷ್ ಹಾಕಿಸಿ ಫಲವಿಲ್ಲ. ಅಂಥ ಕಾರಿಗೆ ಗೌರವದಿಂದ ವಿದಾಯ ಹೇಳುವುದೇ ವಿವೇಕ. ತಗಡು ಗಟ್ಟಿಯಿದ್ದರೆ ರಬ್ಬರೂ ಕೀಲೂ ಬದಲಿಸಿಕೊಂಡು ಅದು ಇನ್ನೂ ಹಲವು ವರ್ಷ ಸೇವೆ ಸಲ್ಲಿಸೀತು.

ಜಾತ್ರೆ, ಮದುವೆ, ಬೇಸಗೆಯ ರಜೆಯ ಪ್ರಯಾಣಗಳಿಗೆ ಮೊದಲು ಒಂದು ಭಾನುವಾರವನ್ನು ಇದಕ್ಕೆಂದು ಮೀಸಲಿಡಿರಿ. ಮನೆಯ ಹೆಣ್ಣುಮಕ್ಕಳೂ ಗಂಡುಮಕ್ಕಳೂ ಕೂಡಿ ಒತ್ತಿ ನೋಡಿ, ನೀರು ಬಿಟ್ಟು ಆಲಿಸಿ, ಟೈರಿನ ಅಂಚಿನ ಸವೆತವನ್ನು ಗಮನಿಸಿ, ಕಂಡದ್ದನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಲಿ. ಸದ್ದು ಕೇಳದಿದ್ದರೂ ವರ್ಷಕ್ಕೊಮ್ಮೆಯಾದರೂ ಬಾಲ್ ಜಾಯಿಂಟುಗಳನ್ನು ಬಲ್ಲವರಿಂದ ಪರೀಕ್ಷಿಸಿರಿ. ಓದುಗ ಬಂಧುಗಳ ಪ್ರಯಾಣಗಳೆಲ್ಲ ಸುಖಕರವಾಗಲೆಂದು ಹಾರೈಸುತ್ತೇವೆ. ಶರಣು ಶರಣಾರ್ಥಿ.